ಕಾಕನಕೋಟೆ ದಾರಿಯ ಡ್ರೈವರ್

ಅಂತರಸಂತೆ
9 ಜೂನ್ 2024

ಅಂಕಯ್ಯನಿಗೆ,

ನೀನು ಚೆನ್ನಾಗಿದ್ದೀಯ ಎಂದು ಕೇಳಬೇಕಾಗಿಲ್ಲ, ನಿನ್ನೆ ತಾನೆ ನಿನ್ನನ್ನು ನೋಡಿದೆ. ಸೊಸೆ ರಮ್ಯ ತನ್ನ ಫೋನಿನಲ್ಲಿ ಒಂದು ವಿಡಿಯೋ ಹಾಕಿ ನನ್ನ ಮುಂದೆ ಹಿಡಿದು, "ಮಾವ, ಇವ್ರು ನಿಮ್ ಜೊತೆ ಲಾರಿ ಓಡಿಸ್ತಿದ್ದ ಅಂಕಯ್ಯ ಅಲ್ವಾ?" ಎಂದಳು. ನೋಡಿದರೆ ನೀನೇ. ತಲೆ ಪೂರ್ತಿ ಬೆಳ್ಳಗಾಗಿದೆ. ಮೀಸೆ ಮಾತ್ರ ಹಾಗೇ ಇಟ್ಟಿದ್ದೀಯ. ಹಿಂದೆ ನಮ್ಮ ಹಳೆಯ ಶೆಡ್ಡಿನ ಗೋಡೆ, ಅದರ ಮೇಲೆ ಅರ್ಧ ಅಳಿಸಿದ "ಶ್ರೀ ಸಿಡಿಲು ಮಲ್ಲಿಕಾರ್ಜುನ ಗೂಡ್ಸ್ ಸರ್ವಿಸ್" ಎನ್ನುವ ಅಕ್ಷರಗಳು. ಹುಣಸೂರು, ಪಿರಿಯಾಪಟ್ಟಣದ ಕಡೆಯವರ ಬಾಯಲ್ಲಿ ಅದು ಬರೀ ಸಿಡಿಲು ಲಾರಿ ಆಗಿತ್ತಲ್ಲ. ಆ ಗೋಡೆ ಇನ್ನೂ ನಿಂತಿದೆ ಎಂದು ನನಗೆ ತಿಳಿದೇ ಇರಲಿಲ್ಲ.

ನನ್ನ ಸುದ್ದಿ ನಿನಗೆ ಮುಟ್ಟಿರಲಾರದು. ಹೋದ ವರ್ಷ ಗಂಟಲಲ್ಲಿ ಗಡ್ಡೆ ಬಂತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನಲ್ಲಿ ಒಂದು ತೂತಿದೆ, ಉಸಿರಾಟ ಅದರಲ್ಲೇ. ಮಾತು ಇಲ್ಲ. ಬೀಡಿ ಬಿಡು ಎಂದು ನೀನು ಎಷ್ಟು ಸಲ ಹೇಳಿದ್ದೆ. ಫೋನಿನಲ್ಲಿ ಮಾತಾಡಲಾರೆ, ಅದರ ಮೇಲೆ ಬೆರಳಾಡಿಸುವುದೂ ನನಗೆ ಒಗ್ಗಲಿಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ನೀನು ಹೇಳಿದ ಆನೆಯ ಕತೆಯನ್ನು ಪೂರ್ತಿ ಕೇಳಿದೆ. ಒಂಟಿ ಸಲಗ ಅಡ್ಡ ಬಂದದ್ದು, ಇಂಜಿನ್ ಆರಿಸಿ ಉಸಿರು ಬಿಗಿಹಿಡಿದು ಕೂತದ್ದು, ಅದು ಸೊಂಡಿಲಿನಿಂದ ಬಾನೆಟ್ಟನ್ನು ತಡವಿ ಹೋದದ್ದು. ಎಷ್ಟು ಚೆನ್ನಾಗಿ ಹೇಳಿದೆ! ನಾನು ಶೆಡ್ಡಿನಲ್ಲಿ ಹೇಳುತ್ತಿದ್ದಾಗಲೂ ಅಷ್ಟು ಚೆನ್ನಾಗಿರಲಿಲ್ಲ. ಕತೆಯಲ್ಲಿ "ನಾನು, ನಾನು" ಎಂದು ಬರುತ್ತದಲ್ಲ, ರಮ್ಯ ನನ್ನ ಮುಖ ನೋಡಿದಳು. ಈ ವಿಡಿಯೋ ಮಾಡುವ ಹುಡುಗರು ಹಿಂದೆ ಮುಂದೆ ಕತ್ತರಿಸಿ ಅಂಟಿಸುತ್ತಾರಂತೆ, ನೀನು ನನ್ನ ಹೆಸರು ಹೇಳಿದ್ದು ಅದರಲ್ಲಿ ಹಾರಿಹೋಗಿರಬೇಕು ಎಂದು ಅವಳಿಗೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ.

ಮಾತು ಹೋದ ಮೇಲೆ ನನ್ನ ಕತೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಸಂತೋಷವಾಯಿತು ಕಣಯ್ಯ. ಸುನಂದಮ್ಮನಿಗೆ ನನ್ನ ನೆನಪು ತಿಳಿಸು.

ಇಂತಿ ನಿನ್ನ
ಮಂಟಯ್ಯ


ಹುಣಸೂರು
27 ಜೂನ್ 2024

ಮಂಟಯ್ಯ,

ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ. ನಿನ್ನಂಥ ಮಾತುಗಾರನಿಗೆ ಹೀಗಾಗಬಾರದಿತ್ತು. ಶೆಡ್ಡಿನಲ್ಲಿ ನೀನು ಬಂದೆ ಎಂದರೆ ಹಮಾಲಿಗಳು ಮೂಟೆ ಇಳಿಸುವುದನ್ನೂ ಬಿಟ್ಟು ಬಂದು ಕೂರುತ್ತಿದ್ದರು. ನಾನು ಇಷ್ಟು ದಿನ ವಿಚಾರಿಸದೆ ಇದ್ದೆನಲ್ಲ, ಅದಕ್ಕೆ ಏನು ಹೇಳಲಿ.

ಆ ವಿಡಿಯೋ ಮಾಡಿದವನು ಸುನೀಲ್‌ಕುಮಾರ್ ಅಂತ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನೀನು ಅಂದುಕೊಂಡದ್ದೇ ಸರಿ. ನಾನು ನಿನ್ನ ಹೆಸರು ಹೇಳಿದ್ದೆ, ಅವನು ಕತ್ತರಿಸಿಬಿಟ್ಟಿದ್ದಾನೆ. ಬೈದಿದ್ದೇನೆ.

ಜನ ಬಹಳ ನೋಡುತ್ತಿದ್ದಾರಂತೆ. ಮೊನ್ನೆ ಕೆ.ಆರ್. ನಗರದ ಗಿರಣಿ ಬೀದಿಯಲ್ಲಿ ಒಬ್ಬ ಟೀ ಅಂಗಡಿಯವನು ನನ್ನನ್ನು ನಿಲ್ಲಿಸಿ ಟೀ ಕೊಟ್ಟ. ನಾನು ಆ ಬೀದಿಯಲ್ಲೇ ಅಷ್ಟು ವರ್ಷ ಅಕ್ಕಿ ಮೂಟೆ ತುಂಬಿಸಿಕೊಂಡು ಮೈಸೂರಿಗೆ ಹೋಗಿ ಬಂದವನು. ಆಗ ಒಬ್ಬರೂ ನನ್ನ ಹೆಸರು ಕೇಳಿದವರಲ್ಲ. ನಿನಗೆ ಗೊತ್ತಲ್ಲ, ಧಣಿಗಳು ದೂರದ ದಾರಿ ನಿಮಗೆಲ್ಲ ಕೊಟ್ಟರು. ನಿನಗೆ ಕಾಕನಕೋಟೆ ದಾಟಿ ಮಾನಂದವಾಡಿ, ಇನ್ನು ಕೆಲವರಿಗೆ ಹೊಗೆಸೊಪ್ಪಿನ ಬೇಲು ಹೇರಿಕೊಂಡು ಆಂಧ್ರ. ನನಗೆ ಅಕ್ಕಿ. ಬೆಳಿಗ್ಗೆ ಹೋಗಿ ಸಂಜೆ ಬರುವುದು.

ಒಂದು ವಿಷಯ ಕೇಳಬೇಕಿತ್ತು. ಕಾಡಿನ ದಾರಿಯಲ್ಲಿ ನಿನ್ನ ಲಾರಿಯಲ್ಲೇ ಒಂದು ಹೆರಿಗೆ ಆಯಿತು ಎಂದು ನೀನು ಒಮ್ಮೆ ಹೇಳಿದ್ದೆ. ಪೂರ್ತಿ ನೆನಪಿಲ್ಲ. ಹುಡುಗ ಕೇಳುತ್ತಿದ್ದಾನೆ. ಆಯಾಸವಾಗದಿದ್ದರೆ ಬರೆ.

ನಿನ್ನ
ಅಂಕಯ್ಯ


ಅಂತರಸಂತೆ
14 ಜುಲೈ 2024

ಅಂಕಯ್ಯನಿಗೆ,

ಬರೆಯುವುದಕ್ಕೆ ಆಯಾಸವೇನು, ಈಗ ನನಗೆ ಇರುವ ಮಾತು ಇದೊಂದೇ.

ಅದು ಮಳೆಗಾಲ. ಮಾನಂದವಾಡಿಯಲ್ಲಿ ಶುಂಠಿ ಹೇರಿಕೊಂಡು ಬಾವಲಿ ಗೇಟು ದಾಟಿ ಬರುತ್ತಿದ್ದೆ. ಮಧ್ಯಾಹ್ನವೇ, ಆದರೆ ಮೋಡ ಕವಿದು ಕಾಡಿನಲ್ಲಿ ದೀಪ ಹಾಕಿಕೊಂಡೇ ಓಡಿಸಬೇಕಾಗಿತ್ತು. ಒಂದು ತಿರುವಿನಲ್ಲಿ ಒಬ್ಬ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತಿದ್ದ. ಅಲ್ಲೇ ಕಾಡಿನೊಳಗಿನ ಹಾಡಿಯ ಜೋಗಯ್ಯ. ಪಕ್ಕದಲ್ಲಿ ಅವನ ಹೆಂಡತಿ ಕೆಂಚಿ, ಬೇಲಿ ಗೂಟ ಹಿಡಿದು ಬಗ್ಗಿ ನಿಂತಿದ್ದಳು. ಅವಳ ತಾಯಿ ಬೆನ್ನು ನೀವುತ್ತಿದ್ದಳು. ಅವತ್ತು ಬಸ್ಸು ಬಂದಿರಲಿಲ್ಲ. "ಅಣ್ಣೋ, ಕೋಟೆ ಆಸ್ಪತ್ರೆಗೆ ಬುಟ್ಬುಡಣ್ಣೋ" ಎಂದ ಜೋಗಯ್ಯ.

ಕ್ಯಾಬಿನ್ನಿಗೆ ಹತ್ತಲು ಅವಳಿಂದ ಆಗಲಿಲ್ಲ. ಹಿಂದಿನ ಬಾಗಿಲು ತೆಗೆದು ಶುಂಠಿ ಮೂಟೆಗಳನ್ನು ಸರಿಸಿ ಜಾಗ ಮಾಡಿದೆವು. ಕೋಟೆಯ ತಾಲ್ಲೂಕು ಆಸ್ಪತ್ರೆ ಕಡೆಗೆ ನಿಧಾನಕ್ಕೆ ಓಡಿಸಿದೆ. ನಮ್ಮ ಅಂತರಸಂತೆ ಇನ್ನೂ ಬಂದಿರಲಿಲ್ಲ, ಹಿಂದಿನಿಂದ ಆ ಮುದುಕಿ ಹಲಗೆ ಬಡಿದಳು. ನಿಲ್ಲಿಸಿ ಇಳಿದು ಹೋದರೆ, "ಇನ್ನು ಆಗಾಕಿಲ್ಲ, ನೀವಿಬ್ರೂ ಅತ್ಲಾಗ್ ತಿರೀಕಳಿ" ಎಂದಳು. ಮಳೆ ಹೊಡೆಯುತ್ತಿತ್ತು. ಜೋಗಯ್ಯ ಒಂದು ಕಡೆ, ನಾನು ಒಂದು ಕಡೆ ನಿಂತು, ಹಿಂದಿನ ಬಾಗಿಲಿಗೆ ಅಡ್ಡವಾಗಿ ಟಾರ್ಪಾಲು ಹಿಡಿದೆವು. ಬೆನ್ನು ಒಳಗಡೆಗೆ, ಮುಖ ಕಾಡಿಗೆ. ತೋಳು ಸೋತುಹೋಯಿತು. ಕೆಂಚಿ ಒಂದು ಸಲವೂ ಜೋರಾಗಿ ಕೂಗಲಿಲ್ಲ. ಆಮೇಲೆ ಮಗುವಿನ ಅಳು ಕೇಳಿಸಿತು. ಹೆಣ್ಣು. ಎಲ್ಲ ಮಾಡಿದವಳು ಆ ಮುದುಕಿ. ಆಸ್ಪತ್ರೆ ಬಾಗಿಲಲ್ಲಿ ಕೆಂಚಿ ಸೆರಗು ಮುಖಕ್ಕೆ ಎಳೆದುಕೊಂಡು ಇಳಿದಳು. ನನ್ನ ಕಡೆ ತಿರುಗಿ ಒಂದು ಸಲ ಕೈ ಮುಗಿದಳು, ಅಷ್ಟೆ. ಇದರಲ್ಲಿ ನಾನು ಮಾಡಿದ್ದು ಟಾರ್ಪಾಲು ಹಿಡಿದದ್ದು ಮಾತ್ರ.

ಜೋಗಯ್ಯ ತೀರಿಕೊಂಡ. ಕೆಂಚಿ ಇದ್ದಾಳೆ. ಅರಣ್ಯ ಇಲಾಖೆಯವರು ಕಾಡಿನಿಂದ ಎಬ್ಬಿಸಿದ ಮೇಲೆ ಇಲ್ಲೇ ರಸ್ತೆ ಬದಿಯ ಹಾಡಿಯಲ್ಲಿದ್ದಾರೆ. ಅಂಕಯ್ಯ, ಈ ಕತೆಯನ್ನು ನೀನು ಹೇಳು, ಬೇಡ ಎನ್ನುವುದಿಲ್ಲ. ನನ್ನ ಹೆಸರು ಬಿಟ್ಟರೂ ಚಿಂತೆಯಿಲ್ಲ. ಆದರೆ ಅವಳ ಹೆಸರು ಹೇಳಬೇಡ, ಹಾಡಿಯನ್ನೂ ಹೇಳಬೇಡ. ಹೆಣ್ಣುಮಗಳ ಹೆರಿಗೆ ಅದು, ಬೀದಿಗೆ ಬರುವ ಮಾತಲ್ಲ. ನಾನು ಶೆಡ್ಡಿನಲ್ಲಿ ಹೇಳಿದಾಗಲೂ ಯಾವತ್ತೂ ಹೆಸರು ಎತ್ತಿರಲಿಲ್ಲ. ಕೇಳಿದವನು ನೀನು ಎಂದು ಹೆಸರು ಸಮೇತ ಬರೆದಿದ್ದೇನೆ.

ನಿನ್ನ
ಮಂಟಯ್ಯ


ಹುಣಸೂರು
5 ಆಗಸ್ಟ್ 2024

ಮಂಟಯ್ಯ,

ಕಾಗದ ತಲುಪಿತು. ಓದುತ್ತ ನಿನ್ನ ದನಿಯೇ ಕೇಳಿದ ಹಾಗಾಯಿತು. ಹೆಸರು ಹೇಳುವುದಿಲ್ಲ, ಆ ಭಯ ಬೇಡ. ಈಗ ತುಂಬ ಓಡಾಟ. ಪಿರಿಯಾಪಟ್ಟಣದ ಒಂದು ಕಾಲೇಜಿನವರು ಬಂದು ಮಾತಾಡಿ ಎಂದಿದ್ದಾರೆ. ಬಿಡುವಾಗಿ ಬರೆಯುತ್ತೇನೆ.

ಅಂಕಯ್ಯ


ಹುಣಸೂರು
21 ಸೆಪ್ಟೆಂಬರ್ 2024

ಮಂಟಣ್ಣನವರಿಗೆ ಸುನಂದಮ್ಮ ಮಾಡುವ ನಮಸ್ಕಾರಗಳು.

ನಾನು ಬರೆಯುತ್ತಿರುವುದು ನಮ್ಮ ಮನೆಯವರಿಗೆ ಗೊತ್ತಿಲ್ಲ. ನಿಮ್ಮ ವಿಳಾಸವನ್ನು ನಿಮ್ಮ ಕಾಗದದ ಹಿಂದಿನಿಂದ ನೋಡಿಕೊಂಡೆ. ಕಾಗದವನ್ನೂ ಓದಿದೆ, ತಪ್ಪಾಗಿದ್ದರೆ ಕ್ಷಮಿಸಿ ಅಣ್ಣ. ಓದದೆ ಹೋಗಿದ್ದರೆ ಇಲ್ಲಿ ನಡೆದದ್ದು ನನಗೆ ಅರ್ಥವೇ ಆಗುತ್ತಿರಲಿಲ್ಲ.

ಹೋದ ತಿಂಗಳು ಇವರು ಆ ಹೆರಿಗೆಯ ಕತೆಯನ್ನು ವಿಡಿಯೋದಲ್ಲಿ ಹೇಳಿದರು. ನೀವು ನೋಡಿದ್ದೀರೋ ಇಲ್ಲವೋ. ತಾನೇ ಲಾರಿ ಓಡಿಸಿದೆ ಎಂದರು. ಅಷ್ಟಕ್ಕೆ ನಿಲ್ಲಲಿಲ್ಲ. ಗಂಡ ಹೆದರಿ ಓಡಿಹೋದ, ಜೊತೆಗೆ ಹೆಂಗಸರು ಯಾರೂ ಇರಲಿಲ್ಲ, ತಾನೇ ಮೂಟೆ ಮೇಲೆ ಹತ್ತಿ ಮಗುವನ್ನು ಎಳೆದುಕೊಂಡೆ, ತಾನೇ ಬಳ್ಳಿ ಕೊಯ್ದೆ, ಎಂದರು. ಹೇಳುತ್ತ ಅತ್ತುಬಿಟ್ಟರು. ಕೆಂಚಿ ಎಂದು ಹೆಸರು ಹೇಳಿದರು. ಹಾಡಿಯನ್ನೂ ಹೇಳಿದರು. ನಾನು ಪಕ್ಕದ ಮನೆಯವರ ಫೋನಿನಲ್ಲಿ ನೋಡಿದೆ. ಅವರ ಮನೆಯವರೆಲ್ಲ ಕಣ್ಣೊರೆಸಿಕೊಂಡರು. ನಾನು ಮಾತ್ರ ಸುಮ್ಮನೆ ಎದ್ದು ಬಂದೆ. ಇವರು ಒಂದು ಸಲವೂ ಕಾಕನಕೋಟೆ ದಾರಿಯಲ್ಲಿ ಲಾರಿ ಓಡಿಸಿದವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬುಧವಾರ ಮಧ್ಯಾಹ್ನ ಸುನೀಲ್‌ಕುಮಾರ್ ಬಾಗಿಲು ಬಡಿದ. ಜೊತೆಗೆ ಇಬ್ಬರು ಹೆಂಗಸರು. ಒಬ್ಬಳು ನಲವತ್ತರ ಹತ್ತಿರದವಳು, ಮಂಗಳಾ. ಆವತ್ತು ಲಾರಿಯಲ್ಲಿ ಹುಟ್ಟಿದ ಮಗು ಇವಳೇ. ಇನ್ನೊಬ್ಬರು ಅವಳ ತಾಯಿ ಕೆಂಚಿ. ವಿಡಿಯೋದಲ್ಲಿದ್ದ ಅಂಗಡಿಯ ನಂಬರಿಗೆ ಮಂಗಳಾನೇ ಫೋನು ಮಾಡಿದ್ದಳಂತೆ. ಸುನೀಲ್‌ಕುಮಾರ್ ಆಗಲೇ ಫೋನನ್ನು ಮೇಲೆ ಹಿಡಿದು ವಿಡಿಯೋ ಶುರುಮಾಡಿದ್ದ.

ಮಂಗಳಾ ಒಳಗೆ ಬಂದವಳೇ ಎಲೆ ಅಡಿಕೆ, ಬಾಳೆಹಣ್ಣು ಇದ್ದ ತಟ್ಟೆಯನ್ನು ಇವರ ಮುಂದಿಟ್ಟು ಕಾಲಿಗೆ ಬಿದ್ದಳು. "ಅಪ್ಪಾ, ನಿಮ್ ಕೈಯಿಂದ ನಾನು ಭೂಮಿ ನೋಡ್ದೆ. ನನ್ ಮಗಳ ಮದ್ವೆ ಗೊತ್ತಾಗದೆ. ತಾತನ ಜಾಗದಲ್ಲಿ ನೀವೇ ಬಂದು ನಿಂತ್ಕೋಬೇಕು" ಎಂದಳು. ಇವರು ಈಗಲಾದರೂ ಹೇಳುತ್ತಾರೆ ಎಂದು ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವರು ಅವಳ ತಲೆ ಮೇಲೆ ಕೈಯಿಟ್ಟು, "ಎದ್ದೇಳವ್ವ, ಎದ್ದೇಳು. ಬತ್ತೀನಿ" ಎಂದರು.

ಕೆಂಚಿ ಹೊಸಿಲ ಆಚೆಯೇ ನಿಂತಿದ್ದರು. "ಈಯಪ್ಪ ಅಲ್ಲ" ಎಂದರು.

ಸುನೀಲ್‌ಕುಮಾರ್ ನಕ್ಕು, "ಅಜ್ಜಿ, ಎಷ್ಟು ವರ್ಷ ಆಯ್ತು, ಮುಖ ಮರ್ತೋಗಿರ್ತದೆ. ಒಳಗ್ ಬನ್ನಿ, ಇಲ್ಲಿ ಬೆಳಕು ಚೆನ್ನಾಗದೆ" ಎಂದ.

"ನಂಗೇನೂ ಮರ್ತೋಗಿಲ್ಲ. ಬಳ್ಳಿ ಕುಯ್ದಿದ್ದು ನಮ್ಮವ್ವ. ನನ್ ಗಂಡ ಎಲ್ಲೂ ಓಡೋಗ್ಲಿಲ್ಲ, ಮಳೇಲಿ ನಿಂತಿದ್ದ. ಆ ಲಾರಿಯಣ್ಣಾನೂ ಈಚೆ ನಿಂತಿದ್ದ, ಕತ್ತು ತಿರುಗ್ಸಿ ನೋಡ್ಲಿಲ್ಲ." ಆಮೇಲೆ ಇವರನ್ನೇ ನೋಡುತ್ತ, "ನೀನ್ ಯಾರಪ್ಪ? ನನ್ ಮೈ ಮುಟ್ಟಿದೆ ಅಂತ ಊರಿಗೆಲ್ಲ ಯಾಕ್ ಯೋಳ್ದೆ? ನಿಂಗೆ ನಾನೇನ್ ಮಾಡಿದ್ದೆ?" ಎಂದು ಕೇಳಿದರು.

ಜೋರು ದನಿಯಲ್ಲ ಅಣ್ಣ. ನಿಜವಾಗಿ ಉತ್ತರ ಬೇಕು ಎನ್ನುವ ಹಾಗೆ ಕೇಳಿದರು. ಸುನೀಲ್‌ಕುಮಾರ್ ಫೋನು ಕೆಳಗಿಳಿಸಿ ಜೇಬಿಗೆ ಹಾಕಿಕೊಂಡ. ಮಂಗಳಾ ತಾಯಿಯ ಮುಖವನ್ನೂ ಇವರ ಮುಖವನ್ನೂ ನೋಡಿದಳು. ಆಮೇಲೆ ನಿಧಾನಕ್ಕೆ ತಟ್ಟೆ ಎತ್ತಿಕೊಂಡಳು. ನಾನು ನೀರು ತಂದೆ, ಇಬ್ಬರೂ ಮುಟ್ಟಲಿಲ್ಲ. ಗೇಟಿನವರೆಗೆ ಅವರ ಹಿಂದೆ ಹೋದೆ. ಹಾಡಿಯ ಹುಡುಗರು ಕೆಂಚಿಯ ಮನೆ ಮುಂದೆ ಆ ವಿಡಿಯೋ ಹಾಕಿಕೊಂಡು ನಗುತ್ತಾರಂತೆ. ಅವರು ರೇಷನ್ ಅಂಗಡಿಗೂ ಹೋಗುವುದನ್ನು ಬಿಟ್ಟಿದ್ದಾರಂತೆ. "ನಾನೇ ಎಲ್ರಿಗೂ ಕಳಿಸ್ದೆ ಕಣಮ್ಮ. ಹೆಮ್ಮೆ ಅಂತ ಕಳಿಸ್ದೆ" ಎಂದು ಮಂಗಳಾ ಅತ್ತಳು.

ಆವತ್ತಿನಿಂದ ಇವರು ಹೊರಗೆ ಹೋಗಿಲ್ಲ, ನನ್ನ ಜೊತೆಯೂ ಮಾತಿಲ್ಲ. ನಾನೂ ಮಾತಾಡಿಸಿಲ್ಲ. ಬೀದಿ ಹೆಂಗಸರು "ನಿಮ್ಮೆಜಮಾನ್ರು ದೇವ್ರಂಥೋರು" ಎಂದಾಗ ನಾನು ಹೂಂ ಎಂದುಬಿಟ್ಟೆ ಅಣ್ಣ. ಒಂದು ಸಲ ಅಲ್ಲ, ಎಷ್ಟೋ ಸಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಸುನಂದಮ್ಮ


ಅಂತರಸಂತೆ
30 ಸೆಪ್ಟೆಂಬರ್ 2024

ಅಂಕಯ್ಯ,

ವಿಡಿಯೋ ನೋಡಿದೆ. ರಮ್ಯ ಇಷ್ಟು ದಿನ ನನಗೆ ತೋರಿಸದೆ ಬಚ್ಚಿಟ್ಟಿದ್ದಳು. ಕೇಳಿ ತೋರಿಸಿಕೊಂಡೆ.

ನನ್ನ ಆನೆಯನ್ನು ನೀನು ಇಟ್ಟುಕೋ. ಕಾಡು, ದಾರಿ, ಲಾರಿ ಎಲ್ಲ ಇಟ್ಟುಕೋ. ಮಾತಿಲ್ಲದವನ ಹತ್ತಿರ ಅವು ಇದ್ದು ಏನು ಪ್ರಯೋಜನ ಎಂದು ನಾನೇ ಅಂದುಕೊಂಡಿದ್ದೆ. ಆದರೆ ಕೆಂಚಿ ನನ್ನ ವಸ್ತುವಲ್ಲ, ನಿನಗೆ ಕೊಡಲಿಕ್ಕೆ. ಹೆಸರು ಬರೆದುಕೊಟ್ಟವನು ನಾನು. ಒಂದು ಹೆಣ್ಣುಮಗಳು ನನ್ನ ಮೇಲೆ ನಂಬಿಕೆಯಿಟ್ಟು ನನ್ನ ಬೆನ್ನ ಹಿಂದೆ ಹೆತ್ತಳು. ಆ ಬೆನ್ನನ್ನು ನಾನು ಈಗ ತಿರುಗಿಸಿದ ಹಾಗಾಯಿತು.

ಅವಳ ಹಾಡಿಯ ಮುಂದೆಯೇ ಬಸ್ಸು ಹೋಗುತ್ತದೆ. ಅಲ್ಲಿ ಯಾರು ಹತ್ತಿದರೂ ನಾನು ಕಿಟಕಿ ಕಡೆ ಮುಖ ಮಾಡಿಕೊಳ್ಳುತ್ತೇನೆ.

ನೀನು ಬಾ. ಫೋನಿನಲ್ಲಿ ಹೇಳಿದರೆ ಸಾಲದು, ಅವಳ ಜನರ ಮುಂದೆ ನಿಂತು ಹೇಳಬೇಕು. ನಾನೂ ಬರುತ್ತೇನೆ. ನನ್ನಿಂದ ಹೇಳಲಾಗದು, ನೀನೇ ಹೇಳಬೇಕು.

ಮಂಟಯ್ಯ


ಹುಣಸೂರು
18 ಅಕ್ಟೋಬರ್ 2024

ಮಂಟಯ್ಯ,

ನಿನ್ನ ಕಾಗದವನ್ನು ಸುನಂದಾ ನನ್ನ ಎದುರಿಗೇ ಗಟ್ಟಿಯಾಗಿ ಓದಿದಳು. ನಾನು ಓದಿ ಮಡಿಸಿಟ್ಟುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಸುನೀಲ್‌ಕುಮಾರ್ ನಿನ್ನ ಹೆಸರನ್ನು ಕತ್ತರಿಸಲಿಲ್ಲ. ನಾನು ಹೇಳಿಯೇ ಇರಲಿಲ್ಲ. ಮೊದಲ ದಿನ ಆ ಗೋಡೆಯ ಮುಂದೆ ಕೂರಿಸಿ, "ಅಜ್ಜ, ನಿಮ್ ಲಾರಿ ಕತೆ ಹೇಳಿ" ಎಂದ. ನಾನು ಗಿರಣಿ, ಅಕ್ಕಿ ಮೂಟೆ, ಮೈಸೂರಿನ ಸಂತೆಪೇಟೆ ಎಂದು ಶುರುಮಾಡಿದೆ. ಅವನು ಆಕಳಿಸಿದ. ಆಕಳಿಸಿ, ಪಾಪ, ಬಾಯಿಗೆ ಕೈ ಅಡ್ಡ ಹಿಡಿದ. ಆ ಕ್ಷಣ ನನ್ನ ಬಾಯಿಂದ, "ಒಂದಿನ ಕಾಕನಕೋಟೆ ದಾರೀಲಿ ಬತ್ತಿದ್ದೆ" ಎಂದು ಬಂದುಬಿಟ್ಟಿತು. ಅವನ ಕಣ್ಣು ಅರಳಿತು. ಆಮೇಲೆ ನನಗೆ ನಿಲ್ಲಿಸಲಾಗಲಿಲ್ಲ.

ಹೆರಿಗೆಯ ದಿನವೂ ಹಾಗೇ. ಟಾರ್ಪಾಲು ಹಿಡಿದು ನಿಂತೆ ಎಂದು ಒಂದು ಸಲ ಹೇಳಿ ಮುಗಿಸಿದೆ. "ಅಷ್ಟೇನಾ ಅಜ್ಜ?" ಎಂದ. ಅಷ್ಟೇ ಅಲ್ಲ ಎಂದೆ. ಹೆಸರು ಇಲ್ಲದಿದ್ದರೆ ಜನ ನಂಬುವುದಿಲ್ಲ ಎಂದ, ಹೆಸರು ಹೇಳಿದೆ. ಹೇಳುವಾಗ ನಿನ್ನ ಕಾಗದ ನನ್ನ ಅಂಗಿ ಜೇಬಿನಲ್ಲೇ ಇತ್ತು.

ಈಗ ತೆಗೆದುಹಾಕು ಎಂದರೆ ಅವನು, "ಇದನ್ನ ತೆಗೆದ್ರೆ ಚಾನೆಲ್ಲೇ ಬಿದ್ದೋಗ್ತದೆ ಅಜ್ಜ. ಅಜ್ಜಿಗೆ ಒಂದ್ ಸನ್ಮಾನ ಮಾಡ್ಸಾಣ, ಎಲ್ಲ ಸರಿಯಾಗ್ತದೆ" ಎಂದ. ಅಂಗಡಿಯಲ್ಲಿ ನಿಂತು ಕೂಗಾಡಿದೆ. ಅವನನ್ನು ಬೈಯಲು ನನಗೇನು ಮುಖವಿದೆ ಎಂದು ಬೈಯುತ್ತಿರುವಾಗಲೇ ಅನ್ನಿಸಿತು.

ಬರುತ್ತೇನೆ. ಹೊಗೆಸೊಪ್ಪಿನ ಹರಾಜು ಶುರುವಾಗಿ ಬಸ್ಸೆಲ್ಲ ಕಿಕ್ಕಿರಿದಿವೆ. ಇದನ್ನು ನೆಪ ಎಂದು ನೀನು ಅಂದುಕೊಂಡರೂ ಸರಿ, ಸ್ವಲ್ಪ ನೆಪವೇ. ನನಗೆ ಭಯವಾಗಿದೆ. ದೀಪಾವಳಿ ಕಳೆಯಲಿ, ಖಂಡಿತ ಬರುತ್ತೇನೆ.

ಅಂಕಯ್ಯ


ಅಂತರಸಂತೆ
24 ನವೆಂಬರ್ 2024

ತಂಗಿ ಸುನಂದಮ್ಮನಿಗೆ,

ಅಂಕಯ್ಯ ಮನೆಗೆ ಬಂದು ಏನೂ ಹೇಳಲಿಲ್ಲ, ಅಲ್ಲಿ ಏನು ನಡೆಯಿತು ಎಂದು ಕೇಳಿ ಬರೆದಿದ್ದೀಯ. ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

ಹೋದ ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಹಾಡಿಗೆ ಹೋದೆವು. ರಮ್ಯ ಮೊದಲೇ ಮಂಗಳಾಗೆ ಹೇಳಿಟ್ಟಿದ್ದಳು. ಅಂಗನವಾಡಿಯ ಮುಂದಿನ ಬಯಲಿನಲ್ಲಿ ಜನ ಸೇರಿದ್ದರು. ಹೆಂಗಸರು ಒಂದು ಪಕ್ಕ, ಗಂಡಸರು ಒಂದು ಪಕ್ಕ, ಹುಡುಗರು ಜಗಲಿಯ ಮೇಲೆ. ಕೆಂಚಿ ಹೆಂಗಸರ ನಡುವೆ ಕೂತಿರಲಿಲ್ಲ. ತನ್ನ ಮನೆ ಬಾಗಿಲಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು.

ನಿನ್ನ ಯಜಮಾನನೂ ನಾನೂ ಜನರ ಮುಂದೆ ಹೋಗಿ ನಿಂತೆವು. ಬಾಯಿ ತೆಗೆದದ್ದೇ ಅವನಿಗೆ ಬೇರೆ ದನಿ ಬಂತು, ವಿಡಿಯೋದ ದನಿ. "ಬಂಧುಗಳೇ, ನಲವತ್ತು ವರ್ಷದ ಹಿಂದೆ ಒಂದು ಮಳೆಗಾಲ" ಎಂದು ಶುರುಮಾಡಿದ. ನಾನು ಅವನ ತೋಳು ಹಿಡಿದೆ. ಅಷ್ಟರಲ್ಲಿ ಕೆಂಚಿ ಬಾಗಿಲಿಂದಲೇ, "ಕತೆ ಬ್ಯಾಡ. ನೀನಿದ್ಯೋ ಇಲ್ವೋ, ಅಷ್ಟ್ ಯೋಳು" ಎಂದಳು.

ಅವನು ಆ ಮಾತನ್ನು ಅಲ್ಲಿಗೇ ಬಿಟ್ಟ. ಆಮೇಲೆ ಅವನದೇ ದನಿಯಲ್ಲಿ, "ಇಲ್ಲ. ನಾ ಇರ್ಲೇ ಇಲ್ಲ. ಆ ದಾರೀಲಿ ನಾನು ಲಾರಿ ಓಡ್ಸೇ ಇಲ್ಲ. ಇದ್ದೋನು ಈ ಮಂಟಯ್ಯ. ಇವ್ನೂ ನೋಡ್ಲಿಲ್ಲ, ಮುಟ್ಲಿಲ್ಲ. ಜೋಗಯ್ಯ ಓಡೋಗ್ಲಿಲ್ಲ. ಎಲ್ಲಾ ಮಾಡಿದ್ದು ಈ ತಾಯಿಯ ತಾಯಿ. ನಾನು ಸುಳ್ಳು ಯೋಳ್ದೆ" ಎಂದ. ಜಗಲಿಯ ಮೇಲಿನ ಒಬ್ಬ ಹುಡುಗ ಫೋನು ಎತ್ತಿ ಹಿಡಿದಿದ್ದ. ಮಂಗಳಾ ಹೋಗಿ ಅವನ ಕೈಯನ್ನು ಕೆಳಗೆ ತಳ್ಳಿ, "ಸಾಕು ಬುಡು. ಇದ್ನೂ ಆಡ್ಕಂಡು ನಗ್ಬೇಕಾ?" ಎಂದಳು. ಒಬ್ಬ ಮುದುಕ ಎದ್ದು, ಯಾರನ್ನೂ ನೋಡದೆ, "ಜೋಗ ನನ್ನಣ್ಣ. ಅವ್ನು ಹೆದ್ರೋನಲ್ಲ" ಎಂದು ಹೇಳಿ ಮತ್ತೆ ಕೂತ.

ಅಂಕಯ್ಯ ಕೆಂಚಿಯ ಮನೆ ಕಡೆ ಹೆಜ್ಜೆಯಿಟ್ಟ, ಕಾಲಿಗೆ ಬೀಳಲಿಕ್ಕೆ ಎಂದು ಕಾಣುತ್ತದೆ. ಅವಳು, "ಅಲ್ಲೇ ಇರು. ನಿನ್ ಕೈಲಿ ನಾನು ಮುಟ್ಟಿಸ್ಕೊಳಾಕಿಲ್ಲ" ಎಂದಳು. ಅವನು ಬಯಲಿನ ನಡುವೆಯೇ ನಿಂತ. ಆ ಮಾತನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಅವನು ಮನೆಗೆ ಬಂದು ಯಾಕೆ ಮಾತಾಡುತ್ತಿಲ್ಲ ಎಂದು ನಿನಗೆ ಗೊತ್ತಾಗಬೇಕಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಅಣ್ಣ, ನೀನ್ ಯಾಕ್ ಇವನ್ಗೆ ಯೋಳ್ದೆ?" ಎಂದಳು. ನಾನು ಸ್ಲೇಟು ತೆಗೆದು ಬರೆದೆ. ಬರೆದ ಮೇಲೆ ಅವಳಿಗೆ ಓದು ಬಾರದು ಎಂದು ನೆನಪಾಯಿತು. ಮಂಗಳಾಗೆ ಕೊಟ್ಟರೆ ಅವಳು ಎಲ್ಲರ ಮುಂದೆ ಓದಬೇಕಾಗುತ್ತಿತ್ತು. ನಾನು ಬರೆದದ್ದು, ಹಳೆಯ ಗೆಳೆಯ ಕೇಳಿದ, ಖುಷಿಯಲ್ಲಿ ಬರೆದೆ ಎಂದು. ಅದು ಉತ್ತರವೇ ಅಲ್ಲ ಎನ್ನಿಸಿ ಅಂಗೈಯಿಂದ ಒರೆಸಿದೆ. ಹತ್ತಿರ ಹೋಗಿ, ಕತ್ತಿನ ಬಟ್ಟೆ ಸರಿಸಿ ತೂತು ತೋರಿಸಿ, ಎರಡೂ ಕೈ ಮುಗಿದೆ. ಅವಳು ಅದನ್ನು ನೋಡಿದಳು.

"ನೋಯ್ತದಾ?" ಎಂದಳು.

ಇಲ್ಲ ಎಂದು ತಲೆಯಾಡಿಸಿದೆ.

"ಹೋಗ್ಬನ್ನಿ" ಎಂದು ಒಳಗೆ ಹೋದಳು.

ಅಷ್ಟೆ ತಂಗಿ. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುತ್ತಾರೆ ಎಂದು ನಾನು ಕಾದದ್ದೂ ತಪ್ಪು. ರಸ್ತೆಗೆ ಬಂದು ಬಸ್ಸಿಗೆ ಕಾಯುವಾಗ ಅಂಕಯ್ಯ ನನ್ನ ಪಕ್ಕ ಕೂರದೆ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತ. ನಾನೂ ಕರೆಯಲಿಲ್ಲ. ಅವನಿಗೆ ಹೇಳು, ಅವನು ಹೇಳಿದ್ದು ಸರಿಯಾಗಿತ್ತು. ಆದರೆ ಕೆಲವು ದಿನ ಅವನು ನನ್ನ ಮನೆಗೆ ಬರುವುದು ಬೇಡ. ನನಗೆ ಬೈಯಲು ಬಾಯಿಲ್ಲ, ಎದುರಿಗೆ ಕೂತರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮಂಟಯ್ಯ


ಹುಣಸೂರು
12 ಜನವರಿ 2025

ಮಂಟಯ್ಯ,

ಬರಬೇಡ ಎಂದದ್ದಕ್ಕೆ ಬಂದಿಲ್ಲ. ಬರೆಯಬೇಡ ಎಂದಿರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸುನೀಲ್‌ಕುಮಾರ್ ಕೊನೆಗೂ ಆ ವಿಡಿಯೋ ತೆಗೆದುಹಾಕಿದ. ಸುನಂದಾ ಅವನ ಅಂಗಡಿಗೆ ಹೋಗಿ, ತೆಗೆಯುವ ತನಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಗಿರಾಕಿಗಳು ಬಂದು ಬಂದು ನೋಡಿದರಂತೆ. ಆದರೆ ಅದು ಆಗಲೇ ಯಾರ್ಯಾರದೋ ಫೋನಿಗೆ ಹೋಗಿದೆ, ವಾಟ್ಸಾಪಿನಲ್ಲಿ ಸುತ್ತುತ್ತಿದೆ. ನಾನು ಗೋಡೆಯ ಮುಂದೆ ಕೂತು, ಅದೆಲ್ಲ ಸುಳ್ಳು, ಆ ತಾಯಿ ನನ್ನನ್ನು ಕ್ಷಮಿಸಬೇಕು ಎಂದು ಹೇಳಿದ್ದನ್ನೂ ಅವನು ಹಾಕಿದ. ಅವಳ ಹೆಸರು ಎತ್ತಲಿಲ್ಲ. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ.

ನಿನ್ನೆ ಕೆ.ಆರ್. ನಗರಕ್ಕೆ ಹೋಗಬೇಕಾಗಿ ಬಂತು, ಸುನಂದಾಳ ತಂಗಿ ಮನೆಗೆ. ಬಸ್ಸು ತುಂಬಿತ್ತು, ನಿಂತಿದ್ದೆ. ಕಿಟಕಿ ಪಕ್ಕ ಒಬ್ಬ ಹುಡುಗಿ, ನರ್ಸು ಓದುವವಳಂತೆ, ಬಿಳಿ ಕೋಟು ಮಡಿಲಲ್ಲಿಟ್ಟುಕೊಂಡಿದ್ದಳು. ನನ್ನ ಮುಖವನ್ನೇ ನೋಡಿ ನೋಡಿ, "ತಾತ, ನೀವು ಲಾರೀಲಿ ಹೆರಿಗೆ ಮಾಡ್ಸಿದ್ರಲ್ಲ, ಆ ಡ್ರೈವರ್ ಅಲ್ವಾ?" ಎಂದಳು.

"ಅಲ್ಲವ್ವ" ಎಂದೆ.

"ನೀವೇ. ನಮ್ ಕ್ಲಾಸಲ್ಲಿ ಎಲ್ರೂ ನೋಡಿದೀವಿ."

"ಮುಖ ನಂದೇ ಕಣವ್ವ. ಮಾಡಿದ್ದು ನಾನಲ್ಲ. ಅದೆಲ್ಲ ಸುಳ್ಳು, ನಾನು ಸುಳ್ಳು ಹೇಳ್ದೆ."

ಅವಳು ನಕ್ಕಳು. ಪಕ್ಕದವರ ಕಡೆ ತಿರುಗಿ, "ನೋಡಿದ್ರಾ, ದೊಡ್ಡೋರು ಅಂದ್ರೆ ಹಿಂಗಿರ್ತಾರೆ. ಮಾಡ್ಬುಟ್ಟು ನಾನಲ್ಲ ಅಂತಾರೆ" ಎಂದಳು. ಎದ್ದು ನಿಂತು ತನ್ನ ಸೀಟು ಬಿಟ್ಟುಕೊಟ್ಟಳು. ನಾನು ಕೂರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಬಸ್ಸಿಗೆ ಬಸ್ಸೇ ಶುರುಮಾಡಿತು. ಕಂಡಕ್ಟರ್ ಬಂದು ನನ್ನ ಭುಜ ಹಿಡಿದು ಕೂರಿಸಿದ. ಆ ಹುಡುಗಿ ಆ ನೂಕುನುಗ್ಗಲಿನಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಳು. "ನಾನಲ್ಲ, ನಾನಲ್ಲ" ಎಂದು ಕೂಗಿದೆ ಮಂಟಯ್ಯ. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು.

ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸುತ್ತಿದ್ದರು. ಅದು ಯಾವ ಊರು ಎಂದು ಕೂಡ ನೋಡಲಿಲ್ಲ. ಹುಣಸೂರಿನ ಕಡೆಗೆ ಮುಖ ಮಾಡಿ ನಡೆಯಲು ಶುರುಮಾಡಿದೆ.

ಅಂಕಯ್ಯ